ವಾರಾನ್ನದ ಹುಡುಗನೂ ಪಟ್ಟಣದ ಹುಡುಗನೂ

ಹತ್ತಾರು ಜನರ ನಡುವೆ ಬೆಳೆದವನಿಗೆ ಆತ್ಮಗೌರವ ಹೆಚ್ಚೋ, ಪಟ್ಟಣದ ಮನೆಯಲ್ಲಿ ತಂದೆತಾಯಿಗಳ ಕಣ್ಣೆದುರಿನಲ್ಲೇ ಬೆಳೆದವನಿಗೆ ಹೆಚ್ಚೋ ಎಂದು ಕೇಳಿದರೆ, ನಮ್ಮ ಹಿರಿಯರು ಒಡನೆಯೇ ಮೊದಲನೆಯವನ ಪಕ್ಷ ವಹಿಸುವರು. ವಿಷಯ ಅಷ್ಟು ಸುಲಭವಲ್ಲ.

ವಾರಾನ್ನದ ಪದ್ಧತಿಯನ್ನೇ ವಿಚಾರಿಸೋಣ. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಮೈಸೂರು, ಧಾರವಾಡ ಮೊದಲಾದ ಊರುಗಳಿಗೆ ಓದಲು ಬಂದ ಎಷ್ಟೋ ಮಂದಿ ಬಡ ಬ್ರಾಹ್ಮಣ ವಿದ್ಯಾರ್ಥಿಗಳು ವಾರದ 7 ದಿನಗಳಿಗೆ 7 ಮನೆಗಳನ್ನು ಗೊತ್ತುಮಾಡಿಕೊಂಡು ಉಣ್ಣುತ್ತಿದ್ದರು. ಸೋಮವಾರದ ಮನೆಯಲ್ಲಿ ತುಪ್ಪ ಬಿದ್ದರೆ ಮಂಗಳವಾರದ ಮನೆಯಲ್ಲಿ ಗೃಹಿಣಿಯ ನಿಟ್ಟುಸಿರು. ತುಪ್ಪದ ಮನೆಯ ದಿನವೇ ಏಕಾದಶಿ ಬಂದರಂತೂ ಹುಡುಗನ ದುಃಖ ಹೇಳತೀರದು! ಜಗಲಿಯಲ್ಲಿ ಕಾದು ಕುಳಿತವನಿಗೆ ತಾನು ಪರರ ಹಂಗಿನಲ್ಲಿರುವೆನೆಂಬುದು ದಿನವೂ ತಿಳಿಯುತ್ತಿತ್ತು. ಅಂಥವರಲ್ಲಿ ಕೆಲವರು ದೊಡ್ಡ ಹುದ್ದೆಗೇರಿದ ಮೇಲೂ ಬಾಗಿದ ಕತ್ತನ್ನು ಎತ್ತಲಾರದೆ ಹೋದರು. ಆ ಪಂಕ್ತಿ ಎಲ್ಲ ಜಾತಿಯ ಮಕ್ಕಳಿಗೂ ತೆರೆದಿರಲಿಲ್ಲವೆಂಬುದನ್ನೂ ಮರೆಯಲಾಗದು.

ಆದರೂ ಅಂಕಗಳನ್ನು ಕೇಳಿ ಯಾರೂ ಎಲೆ ಹಾಕುತ್ತಿರಲಿಲ್ಲ. ಜಾಣನಿಗೂ ದಡ್ಡನಿಗೂ ಅದೇ ಸಾರು, ಅದೇ ಅನ್ನ. ತಾನು ಏನನ್ನೂ ಸಾಧಿಸುವ ಮುನ್ನವೇ ಊರಿನಲ್ಲಿ ತನಗೊಂದು ಸ್ಥಾನವುಂಟೆಂದು ಹುಡುಗ ಅರಿಯುತ್ತಿದ್ದನು. ಅವನ ಮಹತ್ತ್ವಾಕಾಂಕ್ಷೆಯೂ ಅಲ್ಲಿಂದಲೇ ಹುಟ್ಟುತ್ತಿತ್ತು: ಮುಂದೊಂದು ದಿನ ತಾನೂ ಒಬ್ಬ ಹುಡುಗನಿಗೆ ಎಲೆ ಹಾಕಬೇಕು.

ಇಂದಿನ ಬೆಂಗಳೂರಿನ ಹುಡುಗನಿಗೆ ಪ್ರತ್ಯೇಕ ಕೋಣೆ, ಮೇಜು, ಟ್ಯೂಷನ್ ಎಲ್ಲವೂ ಉಂಟು. ಅವನು ಯಾರ ಹಂಗಿಗೂ ಒಳಗಾದವನಲ್ಲ, ಅಧ್ಯಾಪಕರನ್ನು 'ಏಕೆ?' ಎಂದು ಕೇಳಬಲ್ಲ. ಪಾಠಶಾಲೆಯಲ್ಲಿ ಓದಿದ ನಮಗೆ ಆ ಧೈರ್ಯ ಸುಲಭವಾಗಿ ಬಂದುದಲ್ಲ, ಇದನ್ನು ಒಪ್ಪಲೇಬೇಕು. ಆದರೆ ಸಿ.ಇ.ಟಿ. ಫಲಿತಾಂಶದ ದಿನ ಅವನ ಮುಖವನ್ನು ನೋಡಬೇಕು. ರ್‍ಯಾಂಕು ಇಳಿದೊಡನೆ ತನ್ನ ಬೆಲೆಯೇ ಇಳಿಯಿತೆಂದು ಅವನು ನಂಬುತ್ತಾನೆ. ಮನೆಯವರ ಮೌನವೂ ಅದನ್ನೇ ಹೇಳುತ್ತದೆ. ಅಂಥವನ ಆಕಾಂಕ್ಷೆಯಲ್ಲಿ ಭಯದ ಪಾಲೇ ದೊಡ್ಡದು.

ಛಾಂದೋಗ್ಯೋಪನಿಷತ್ತಿನ ಸತ್ಯಕಾಮನ ವೃತ್ತಾಂತ ಇಲ್ಲಿ ನೆನಪಾಗುತ್ತದೆ. ತನ್ನ ಗೋತ್ರವನ್ನರಿಯದ ಹುಡುಗ ಅದನ್ನು ಮುಚ್ಚಿಡದೆ ಗೌತಮರಿಗೆ ತಿಳಿಸಿದನು. ಅವರು ಅವನ ಯೋಗ್ಯತೆಗೆ ಬೇರೆ ಪರೀಕ್ಷೆ ಬಯಸಲಿಲ್ಲ; ಉಪನಯನ ಮಾಡಿ 400 ಬಡಕಲು ಗೋವುಗಳನ್ನು ಒಪ್ಪಿಸಿದರು. ಅವು 1000 ಆಗದೆ ಹಿಂದಿರುಗೆನೆಂಬ ಸಂಕಲ್ಪ ಗುರುಗಳು ವಿಧಿಸಿದ್ದಲ್ಲ. ಗೋವುಗಳನ್ನು ಹೊಡೆದುಕೊಂಡು ಹೊರಟಾಗ ಹುಡುಗನೇ ಆಡಿದ ಮಾತು ಅದು.