ಮುಂದಿನ ವೆಚ್ಚವನ್ನು ಹೊರುವವರು ಯಾರು?

(ಲೂಕನ ಸುವಾರ್ತೆಯ 10ನೆಯ ಅಧ್ಯಾಯದ 30ರಿಂದ 35ರ ವರೆಗೆ ಓದಿಕೊಳ್ಳಿರಿ.)



ಯೆರಿಕೋವಿನ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕಿ ಅರೆಜೀವವಾಗಿ ಬಿದ್ದಿದ್ದ ಮನುಷ್ಯನ ಸಾಮ್ಯವನ್ನು ನೀವು ಅನೇಕ ಸಾರಿ ಕೇಳಿದ್ದೀರಿ. ಸಮಾರ್ಯದವನು ಅವನ ಗಾಯಗಳನ್ನು ಕಟ್ಟಿದನೆಂಬದು ನಮ್ಮ ಚಿಕ್ಕ ಮಕ್ಕಳಿಗೂ ಗೊತ್ತು. ಆದರೆ ಅವನು ಛತ್ರದವನಿಗೆ ಎರಡು ನಾಣ್ಯಗಳನ್ನು ಕೊಟ್ಟು ಹೊರಡುವಾಗ ಮಾಡಿದ ಒಪ್ಪಂದವನ್ನು ನಾವು ಬೇಗನೆ ದಾಟಿಹೋಗುತ್ತೇವೆ. ಇನ್ನೂ ಏನಾದರೂ ಖರ್ಚು ಬಿದ್ದರೆ ಅದನ್ನು ತಾನೇ ತೀರಿಸುವೆನೆಂದು ಅವನು ಮಾತು ಕೊಟ್ಟನು. ಒಂದು ರಾತ್ರಿಯ ಆರೈಕೆಯಿಂದ ಆ ಗಾಯವು ಮಾಯದೆಂದು ಅವನು ಬಲ್ಲವನಾಗಿದ್ದನು. ಈ ಮಾತನ್ನು ಕುರಿತೇ ನಾವು ಈಗ ಆಲೋಚಿಸೋಣ. ಯಾಕಂದರೆ ಒಂದು ದಿನದಲ್ಲಿ ವೆಚ್ಚ ಮುಗಿಯದಂಥ ಒಂದು ರೋಗವು ನಮ್ಮ ಹಳ್ಳಿಗಳೊಳಗೆ ಹೊಕ್ಕಿದೆ.

ಅದು ಸಕ್ಕರೆ ಕಾಯಿಲೆ. ವೈದ್ಯರು ಇದನ್ನು ಮಧುಮೇಹವೆನ್ನುತ್ತಾರೆ. ಇದು ಪಟ್ಟಣದ ಐಶ್ವರ್ಯವಂತರ ರೋಗವೆಂದು ಹಿಂದೆ ಹೇಳುತ್ತಿದ್ದರು. ಆದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಹಾಯದಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 10 ಕೋಟಿ ಜನರಿಗೆ ಈ ರೋಗವಿದೆ. ಉಳುವವರೂ ಕೂಲಿಯವರೂ ಅವರೊಳಗೆ ಸೇರಿದ್ದಾರೆ.

ಜ್ವರ ಬಂದರೆ ಸಾಲ ಮಾಡಿ, ಗುಣವಾದ ಮೇಲೆ ದುಡಿದು ತೀರಿಸಬಹುದು. ಈ ರೋಗವಾದರೋ ಜೀವಮಾನವೆಲ್ಲಾ ಜೊತೆಯಲ್ಲಿರುವದು. ತಿಂಗಳು ತಿಂಗಳಿಗೆ ಗುಳಿಗೆಯ ಹಣ, ರಕ್ತಪರೀಕ್ಷೆಯ ಹಣ, ಬಸ್ಸಿನ ಹಣ, ಅದರ ಮೇಲೆ ಆ ದಿನದ ಕೂಲಿಯ ನಷ್ಟ. ಆಯುಷ್ಮಾನ್ ಭಾರತ ಯೋಜನೆಯು ಬಡ ಕುಟುಂಬಕ್ಕೆ ವರುಷಕ್ಕೆ 5 ಲಕ್ಷ ರೂಪಾಯಿಗಳ ವರೆಗೆ ಆಸ್ಪತ್ರೆಯ ವೆಚ್ಚವನ್ನು ಹೊರುವದು ನಿಜ. ಆದರೆ ಅದು ಆಸ್ಪತ್ರೆಯಲ್ಲಿ ಸೇರಿಕೊಂಡವರಿಗಾಗಿ ಇರುವಂಥದು. ಮನೆಯಲ್ಲಿದ್ದುಕೊಂಡು ವರುಷವೆಲ್ಲಾ ನುಂಗುವ ಗುಳಿಗೆಗೆ ಅದರಿಂದ ಹಣ ಬಾರದು. ಹೀಗೆ ಕಾಲನ್ನು ಕೊಯ್ಯುವ ದಿನಕ್ಕೆ ಸಹಾಯವುಂಟು; ಕಾಲನ್ನು ಉಳಿಸುವ ದಿನಗಳಿಗೆ, ಸರಕಾರಿ ಆರೋಗ್ಯ ಕೇಂದ್ರದಲ್ಲಿ ಮದ್ದು ಸಿಕ್ಕದೆ ಹೋದರೆ, ಬಡವನು ತನ್ನ ಕೈಯಿಂದಲೇ ತೆರಬೇಕು.

ಆಗ ಏನಾಗುವದು? ಮಗಳ ಶಾಲೆಯ ಹಣ ಕಟ್ಟಬೇಕಾದ ತಿಂಗಳಲ್ಲಿ ತಾಯಿಯು ಯಾರಿಗೂ ಹೇಳದೆ ಗುಳಿಗೆಯನ್ನು ದಿನ ಬಿಟ್ಟು ದಿನ ನುಂಗುವಳು. ಈ ರೋಗವು ಮೊದಮೊದಲು ನೋವು ಕೊಡದೆ ಇರುವದರಿಂದ ತಾನು ಚೆನ್ನಾಗಿದ್ದೇನೆಂದು ನೆನಸುವಳು. ಅಷ್ಟರಲ್ಲಿ ಅದು ಕಣ್ಣುಗಳನ್ನೂ ಮೂತ್ರಪಿಂಡಗಳನ್ನೂ ಪಾದದ ನರಗಳನ್ನೂ ಒಳಗೊಳಗೆ ಕೆಡಿಸುವದು. ಪಾದಕ್ಕೆ ಸ್ಪರ್ಶ ತಪ್ಪಿದವಳಿಗೆ ಗದ್ದೆಯಲ್ಲಿ ಮುಳ್ಳು ಚುಚ್ಚಿದ್ದೂ ತಿಳಿಯದು. ಕಡೆಗೆ ಅವಳು ಉಳಿಸಿದ ಹಣಕ್ಕಿಂತ ಎಷ್ಟೋ ಹೆಚ್ಚನ್ನು ಆ ಮನೆಯು ಕಳಕೊಳ್ಳುವದು.

ಮದ್ದೇ ಇಲ್ಲವೆಂದು ನಾವು ಹೇಳಲಾರೆವು. 1921ರಲ್ಲಿ ಕೆನಡಾ ದೇಶದ ಟೊರಾಂಟೊ ಪಟ್ಟಣದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಇನ್ಸುಲಿನ್ ಎಂಬ ಮದ್ದನ್ನು ಕಂಡುಹಿಡಿದರು. 1922ನೆಯ ಜನವರಿಯಲ್ಲಿ ಸಾಯುವ ಸ್ಥಿತಿಯಲ್ಲಿದ್ದ 14 ವರುಷದ ಹುಡುಗನೊಬ್ಬನು ಅದರಿಂದ ಬದುಕಿಕೊಂಡನು. ಮಾರನೆಯ ವರುಷ ಅದರ ಹಕ್ಕುಪತ್ರವನ್ನು ತಲಾ ಒಂದೇ ಡಾಲರಿಗೆ ಅಲ್ಲಿಯ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಲಾಭವನ್ನು ಬಿಟ್ಟುಕೊಟ್ಟು ಒಪ್ಪಿಸಿದ ಆ ಮದ್ದು ನೂರು ವರುಷಗಳ ಮೇಲೆಯೂ ಅನೇಕ ಬಡ ದೇಶಗಳಲ್ಲಿ ಬಡವನ ಕೈಗೆ ಎಟಕದೆ ಇರುವದು ಲೋಕಕ್ಕೆ ನಾಚಿಕೆಯಲ್ಲವೋ?

ಹನ್ನೆರಡು ವರುಷ ರೋಗದಿಂದ ನರಳಿ, ಇದ್ದದ್ದನ್ನೆಲ್ಲಾ ವೈದ್ಯರಿಗೆ ಸುರಿದು ಬರಿಗೈಯಾದ ಸ್ತ್ರೀಯು ಜನರ ಗುಂಪಿನಲ್ಲಿ ಮರೆಯಾಗಿ ಬಂದಳು. ಕರ್ತನು ಅವಳನ್ನು ಗದರಿಸಲಿಲ್ಲ. ಎಲ್ಲರ ಮುಂದೆ ಮಗಳೇ ಎಂದು ಕರೆದನು. ಆದಕಾರಣ ರೋಗದಲ್ಲಿರುವವರೇ, ಇದನ್ನು ಪಾಪದ ದಂಡನೆಯೆಂದು ನಾಚಿ ಬಚ್ಚಿಡಬೇಡಿರಿ. 30 ವರುಷ ದಾಟಿದವರು ಸರಕಾರಿ ಆರೋಗ್ಯ ಕೇಂದ್ರದಲ್ಲಿ ರಕ್ತವನ್ನು ಪರೀಕ್ಷೆ ಮಾಡಿಸಿಕೊಳ್ಳಿರಿ. ಮದ್ದು ಕೊಳ್ಳಬೇಕಾದರೆ ಜನೌಷಧಿ ಅಂಗಡಿಯಲ್ಲಿ ಕಡಿಮೆ ಕ್ರಯಕ್ಕೆ ದೊರಕುವದೋ ಎಂದು ವೈದ್ಯರನ್ನು ಕೇಳಿರಿ. ರೋಗವನ್ನು ಬೇರುಸಹಿತ ಕೀಳುತ್ತೇನೆಂದು ಹೇಳಿ ಹಣ ಕೇಳುವವನನ್ನು ನಂಬಬೇಡಿರಿ. ಪ್ರಾರ್ಥಿಸುತ್ತೇನೆಂದು ಇನ್ಸುಲಿನನ್ನು ನಿಲ್ಲಿಸುವದು ನಂಬಿಕೆಯಲ್ಲ. ಅದಿಲ್ಲದೆ ಕೆಲವರ ಪ್ರಾಣವೇ ನಿಲ್ಲದು.

ಸೌಖ್ಯದಲ್ಲಿರುವವರೇ, ಛತ್ರದ ಲೆಕ್ಕವು ನಿಮ್ಮದು. ಪೇಟೆಗೆ ಹೋಗುವವನು ನಾಲ್ಕು ಮನೆಗಳ ಮದ್ದನ್ನು ಒಟ್ಟಿಗೆ ತರಲಿ. ನಾಲ್ವರ ಬಸ್ಸಿನ ಹಣವೂ ಕೂಲಿಯೂ ಉಳಿಯುವದು. ಮನೆಯಲ್ಲಿ ಫ್ರಿಜ್ ಇರುವವರು, ಇಲ್ಲದವನ ಇನ್ಸುಲಿನನ್ನು ತಮ್ಮಲ್ಲಿ ಇಟ್ಟುಕೊಡಲಿ. ಸುಗ್ಗಿಯ ಕಾಣಿಕೆಯಲ್ಲಿ ಒಂದು ಪಾಲನ್ನು ಸಭೆಯು ಇದಕ್ಕೋಸ್ಕರ ತೆಗೆದಿಡಲಿ. ರೋಗಿಯನ್ನು ಒಂದು ಸಾರಿ ನೋಡಿ ಹಣ್ಣು ಕೊಟ್ಟು ಬರುವದು ಸುಲಭ. ಮುಂದಿನ ತಿಂಗಳೂ ಅದರ ಮುಂದಿನ ತಿಂಗಳೂ ಅವನ ಬಾಗಲನ್ನು ತಟ್ಟುವದು ಕಷ್ಟ. ಸಮಾರ್ಯದವನು ತಿರುಗಿ ಬರುವೆನೆಂದು ಹೇಳಿಹೋದನು. ನಾವೂ ತಿರುಗಿ ಹೋಗೋಣ.