ದೈವರಕ್ಷೆಯೂ ಮಗುವಿನ ಆಸನವೂ

ಉಡುಪಿಯ ಸೀಮೆಯಲ್ಲಿ ಹೊಸ ಕಾರೊಂದು ಮನೆಗೆ ಬಂದಿತೆಂದರೆ ಅದಕ್ಕೆ ಮೊದಲು ಸಲ್ಲುವುದು ಪೂಜೆ: ಚಕ್ರಗಳ ಕೆಳಗೆ ಲಿಂಬೆಹಣ್ಣು, ಮುಂಭಾಗಕ್ಕೆ ಬಾಳೆಯ ನಾರಿನಲ್ಲಿ ಕಟ್ಟಿದ ಶಂಕರಪುರದ ಮಲ್ಲಿಗೆ, ಗಾಜಿನ ಒಳಗೆ ಇಷ್ಟದೇವತೆಯ ಚಿತ್ರ. ಶಂಕರಪುರದಲ್ಲಿ ಅದೇ ಮಲ್ಲಿಗೆಯನ್ನು ಬೆಳೆಯುವ ಕ್ರೈಸ್ತ ಕುಟುಂಬಗಳು ಪಾದ್ರಿಗಳಿಂದ ಆಶೀರ್ವಾದವನ್ನು ಬೇಡುತ್ತವೆ. ಯಂತ್ರವೊಂದನ್ನು ಕೈಗೆ ತೆಗೆದುಕೊಳ್ಳುವ ಮುನ್ನ ತನಗಿಂತ ಮೇಲಿನ ಶಕ್ತಿಗೆ ತಲೆಬಾಗುವುದು ವಿನಯದ ನಡೆ. ಅದನ್ನು ನಾನು ಗೌರವಿಸುತ್ತೇನೆ. ಆದರೆ ಪೂಜೆ ಮುಗಿದ ಬಳಿಕ ಅದೇ ಕಾರಿನ ಮುಂದಿನ ಸೀಟಿನಲ್ಲಿ, ತಾಯಿಯ ಮಡಿಲ ಮೇಲೆ ಶಿಶುವನ್ನು ಕುಳ್ಳಿರಿಸಿಕೊಂಡು, ಕಟಪಾಡಿಯಲ್ಲಿ ರಾಷ್ಟ್ರೀಯ ಹೆದ್ದಾರಿ 66ನ್ನು ಸೇರಿ ಸಂಸಾರವು ಧಾವಿಸುವುದನ್ನು ಕಂಡಾಗ, ದೇವರು ಕಾಯುವನೆಂದು ನಂಬಿದವನಿಗೆ ಮಗುವನ್ನು ಪಟ್ಟಿಗಳಿಂದ ಬಿಗಿಯುವ ಆಸನವನ್ನು ತರುವುದು ಅಪನಂಬಿಕೆಯ ಲಕ್ಷಣವೋ ಅಥವಾ ಆ ನಂಬಿಕೆಯದೇ ಒಂದು ಅಂಗವೋ ಎಂಬ ಪ್ರಶ್ನೆಯು ಮನಸ್ಸನ್ನು ಕಾಡದೆ ಇರದು.

ಈ ಪ್ರಶ್ನೆಗೆ ಉತ್ತರವನ್ನು ಅರಸುತ್ತ ದೂರ ಹೋಗಬೇಕಾದುದಿಲ್ಲ. ಶಂಕರಪುರಕ್ಕೆ ಸಮೀಪದಲ್ಲಿ, ಕುಂಜಾರುಗಿರಿಯ ತಪ್ಪಲಿನಲ್ಲಿ, ಆಚಾರ್ಯ ಮಧ್ವರು ಜನಿಸಿದ ಪಾಜಕಕ್ಷೇತ್ರವಿದೆ. ನಾರಾಯಣ ಪಂಡಿತಾಚಾರ್ಯರ ‘ಸುಮಧ್ವವಿಜಯ’ವು ಅವರ ಬಾಲ್ಯದ ಪ್ರಸಂಗವೊಂದನ್ನು ಹೇಳುತ್ತದೆ. ಬಾಲಕ ವಾಸುದೇವನು ಬಂಧುಗಳ ಮನೆಯ ಸಮಾರಂಭದಿಂದ ಯಾರಿಗೂ ತಿಳಿಯದಂತೆ ಹೊರಟು, ಕಾಡಿನ ದಾರಿಯ ದೇವಾಲಯಗಳಿಗೆ ನಮಸ್ಕರಿಸುತ್ತ ಒಬ್ಬನೇ ರಜತಪೀಠಪುರವನ್ನು, ಎಂದರೆ ಉಡುಪಿಯನ್ನು, ಸೇರುತ್ತಾನೆ. ಹುಡುಕಿಕೊಂಡು ಬಂದ ತಂದೆ ಜೊತೆಗೆ ಯಾರಿದ್ದರೆಂದು ಕೇಳಿದರೆ, ದೇವರೇ ಜೊತೆಗಿದ್ದನೆಂದು ಉತ್ತರಿಸುತ್ತಾನೆ. ಭಕ್ತರು ಈ ಕಥೆಯಲ್ಲಿ ಬಾಲಕನ ಉತ್ತರವನ್ನು ನೆನೆದು ಪುಳಕಗೊಳ್ಳುತ್ತಾರೆ; ನನ್ನ ಮನಸ್ಸು ತಂದೆಯ ಬಳಿಯಲ್ಲಿಯೇ ನಿಲ್ಲುತ್ತದೆ. ಮಗನನ್ನು ವಾಯುದೇವರ ಅವತಾರವೆಂದು ವರ್ಣಿಸುವ ಕಾವ್ಯವೂ ಕೂಡ, ದೇವರು ನೋಡಿಕೊಳ್ಳುತ್ತಾನೆಂದು ತಂದೆ ಮಧ್ಯಗೇಹ ಭಟ್ಟರನ್ನು ಮನೆಯಲ್ಲಿ ಕುಳ್ಳಿರಿಸಲಿಲ್ಲ. ಅವರು ದಾರಿಯಲ್ಲಿ ಸಿಕ್ಕವರನ್ನು ಕೇಳುತ್ತ ನಡೆದರು. ದೈವದ ಸಾಂಗತ್ಯವು ಮಗುವಿಗಿದ್ದಾಗಲೂ ತಂದೆಯ ನಡಿಗೆ ತಪ್ಪಲಿಲ್ಲ.

ಇದಕ್ಕೆ ತತ್ತ್ವದ ಆಧಾರವೂ ಉಂಟು. ಜೀವನು ಕರ್ತನಲ್ಲದಿದ್ದರೆ ಶಾಸ್ತ್ರದ ವಿಧಿನಿಷೇಧಗಳೆಲ್ಲ ನಿರರ್ಥಕವಾಗುವುವೆಂದು ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯವು ವಾದಿಸುತ್ತದೆ. ಆ ಕರ್ತೃತ್ವವು ಪರಮಾತ್ಮನಿಂದಲೇ ಬಂದುದೆಂದೂ ಅಲ್ಲಿಯೇ ಹೇಳುತ್ತದೆ. ಸ್ವತಂತ್ರನು ಹರಿಯೊಬ್ಬನೇ, ಉಳಿದುದೆಲ್ಲ ಪರತಂತ್ರ ಎಂದು ಸಾರಿದ ಮಧ್ವಸಿದ್ಧಾಂತದಲ್ಲಿಯೂ ಜೀವನ ಕರ್ತೃತ್ವವು ಮಿಥ್ಯೆಯಲ್ಲ. ಅಧೀನವಾಗಿದ್ದರೂ ಅದು ಸತ್ಯ. ಹಾಗಿರುವಾಗ ನಮ್ಮ ಕೈಗೆ ಒಪ್ಪಿಸಲ್ಪಟ್ಟ ಕಾರ್ಯವನ್ನು ಕೈಬಿಟ್ಟು, ಒಪ್ಪಿಸಿದವನ ಮೇಲೆಯೇ ಭಾರವನ್ನು ಹೊರಿಸುವುದು ಶರಣಾಗತಿಯೆನಿಸದು. ಕ್ರೈಸ್ತರ ಸುವಾರ್ತೆಯಲ್ಲಿಯೂ, ದೇವದೂತರು ಕೈಗಳಲ್ಲಿ ಹಿಡಿದುಕೊಳ್ಳುವರೆಂಬ ಭರವಸೆಯ ಮೇಲೆ ದೇವಾಲಯದ ಶಿಖರದಿಂದ ಧುಮುಕೆಂದು ಸೈತಾನನು ಪ್ರೇರೇಪಿಸಿದಾಗ, ದೇವರನ್ನು ಪರೀಕ್ಷಿಸಬಾರದೆಂದು ಯೇಸು ಅದನ್ನು ನಿರಾಕರಿಸುತ್ತಾನೆ. ಕಾಯುವವನಿದ್ದಾನೆಂದು ಮಗುವನ್ನು ಕಟ್ಟದೆ ಒಯ್ಯುವುದೂ ಅಂಥ ಪರೀಕ್ಷೆಯೇ. ಅದರಲ್ಲಿ ಪಣವಾಗುವುದು ಮಾತ್ರ ನಮ್ಮ ಪ್ರಾಣವಲ್ಲ, ಮಾತು ಬಾರದ ಮಗುವಿನದು.

ತಾಯಿಯ ಮಡಿಲಿಗಿಂತ ಮಿಗಿಲಾದ ರಕ್ಷೆಯುಂಟೆ ಎಂದು ಹಿರಿಯರು ಕೇಳುತ್ತಾರೆ. ಪ್ರೀತಿಯ ದೃಷ್ಟಿಯಿಂದ ಇಲ್ಲವೇ ಇಲ್ಲ. ಆದರೆ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿರುವ ಕಾರು ಏನಕ್ಕೋ ಬಡಿದು ಅರ್ಧ ಮೀಟರಿನೊಳಗೆ ನಿಂತಿತೆಂದರೆ, 10 ಕಿಲೋ ತೂಕದ ಕೂಸನ್ನು ತಡೆದು ನಿಲ್ಲಿಸಲು ಅದರ ತೂಕದ ಸುಮಾರು ಇಪ್ಪತ್ತು ಪಟ್ಟು, ಎಂದರೆ 200 ಕಿಲೋ ಭಾರಕ್ಕೆ ಸಮನಾದ ಬಲ ಬೇಕು. ಅಷ್ಟನ್ನು ಹಿಡಿಯುವ ತೋಳು ಯಾವ ತಾಯಿಗೂ ಇಲ್ಲ. ಒಂದೇ ಬೆಲ್ಟನ್ನು ತಾಯಿ ಮಗು ಇಬ್ಬರಿಗೂ ಸುತ್ತಿದರೆ ಇನ್ನೂ ಘೋರ: ತಾಯಿಯ ದೇಹವೇ ಮಗುವನ್ನು ಬೆಲ್ಟಿಗೆ ಅದುಮುತ್ತದೆ.

ಆಸನವನ್ನು ಕೊಂಡಮಾತ್ರಕ್ಕೆ ಕರ್ತವ್ಯ ಮುಗಿಯದು. ಜೀವರಲ್ಲಿ ತಾರತಮ್ಯವನ್ನು ಕಂಡು, ಒಬ್ಬೊಬ್ಬರ ಯೋಗ್ಯತೆಗೆ ತಕ್ಕ ಸಾಧನೆಯನ್ನು ಹೇಳಿದ ನೆಲದವರು, ಇಲ್ಲಿಯೂ ಯೋಗ್ಯತೆಯನ್ನು ನೋಡಬೇಕು. ನೆರೆಮನೆಯ ಕಾರಿಗೆ ಭದ್ರವಾಗಿ ಕುಳಿತ ಆಸನವು ನಮ್ಮ ಕಾರಿನಲ್ಲಿ ಅಲುಗಾಡಬಹುದು; ಬೆಲೆ ಹೆಚ್ಚಿದಷ್ಟಕ್ಕೆ ಹೊಂದಿಕೆ ಹೆಚ್ಚುವುದಿಲ್ಲ. ಮಗುವಿನ ಎತ್ತರ ಮತ್ತು ತೂಕವೇ ಮೊದಲ ಪ್ರಮಾಣ. ಶಿಶುವಿನ ತಲೆ ದೇಹಕ್ಕೆ ಹೋಲಿಸಿದರೆ ಬಹಳ ದೊಡ್ಡದು, ಕತ್ತು ಎಳೆಯದು. ಆದಕಾರಣ ಅದು ಕಾರಿನ ಹಿಂದಕ್ಕೆ ಮುಖಮಾಡಿ ಕುಳಿತರೆ, ಮುಂಭಾಗದ ಆಘಾತವು ಬೆನ್ನಿಗೆಲ್ಲ ಹರಡಿ ಕತ್ತು ಉಳಿಯುತ್ತದೆ. ಮಕ್ಕಳ ಆಸನಗಳನ್ನು ಕುರಿತ ವಿಶ್ವಸಂಸ್ಥೆಯ ಆರ್129 ನಿಯಮವು ಕನಿಷ್ಠ 15 ತಿಂಗಳವರೆಗೆ ಈ ಭಂಗಿಯನ್ನೇ ವಿಧಿಸುತ್ತದೆ. ಆಸನದ ಮಿತಿಯು ಅನುಮತಿಸುವಷ್ಟು ಕಾಲ ಅದನ್ನು ಮುಂದುವರಿಸುವುದು ಇನ್ನೂ ಲೇಸು. ಚಾಲೂ ಇರುವ ಏರ್‌ಬ್ಯಾಗಿನ ಎದುರಿಗೆ ಇಂಥ ಆಸನವನ್ನು ಎಂದಿಗೂ ಇಡಲಾಗದು, ಏಕೆಂದರೆ ಉಬ್ಬುವ ಚೀಲವು ಮಗುವಿನ ತಲೆಯ ಹಿಂಬದಿಗೇ ಬಡಿಯುತ್ತದೆ. ಹಿಂದಿನ ಸೀಟಿನ ಸಂದಿಯಲ್ಲಿ ಆಸನವನ್ನು ಸಿಕ್ಕಿಸುವ ಐಸೋಫಿಕ್ಸ್‌ನ ಎರಡು ಲೋಹದ ಕೊಂಡಿಗಳಿದ್ದರೆ ಒಳಿತು. ಆದರೆ ಅವಕ್ಕೆ ಆಸರೆಯಾಗಿ ಮೇಲಿನ ಕಟ್ಟುಪಟ್ಟಿಯೋ ನೆಲಕ್ಕೂರುವ ಕಾಲೋ ಬೇಕು, ಕಾಲೂರುವಲ್ಲಿ ನೆಲವು ಗಟ್ಟಿಯಾಗಿರಬೇಕು. ಕೊಂಡಿಗಳಿಲ್ಲದ ಕಾರಿನಲ್ಲಿ ಸೀಟ್ ಬೆಲ್ಟಿನಿಂದಲೇ ಬಿಗಿಯಬಹುದು. ಬೆಲ್ಟು ಸುತ್ತಿಬರುವಷ್ಟು ಉದ್ದವಿದೆಯೇ ಎಂಬುದನ್ನು ಅಂಗಡಿಯಲ್ಲಿಯೇ ನೋಡತಕ್ಕದ್ದು. ಬಿಗಿದ ಬಳಿಕ ಬೆಲ್ಟು ಹಾಯುವ ಜಾಗದಲ್ಲಿ ಹಿಡಿದು ಅಲುಗಿಸಿದರೆ ಆಸನವು ಎರಡೂವರೆ ಸೆಂಟಿಮೀಟರಿಗಿಂತ ಹೆಚ್ಚು ಸರಿಯಬಾರದು. ಮಗುವಿನ ಭುಜದ ಮೇಲಿನ ಪಟ್ಟಿಯು ಬೆರಳುಗಳಿಗೆ ಚಿವುಟಲು ಸಿಗಬಾರದು.

ಕಾನೂನೂ ಈ ಮಾತನ್ನೇ ಹೇಳುತ್ತದೆ. ಮೋಟಾರು ವಾಹನ ಕಾಯಿದೆಯಲ್ಲಿ 2019ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ 194ಬಿ ಕಲಮಿನಂತೆ, 14 ವರ್ಷ ತುಂಬದ ಮಗುವನ್ನು ಸೀಟ್ ಬೆಲ್ಟಿನಿಂದಾಗಲಿ ಮಕ್ಕಳ ಸುರಕ್ಷಾ ಆಸನದಿಂದಾಗಲಿ ಭದ್ರಪಡಿಸದೆ ಒಯ್ದರೆ 1,000 ರೂಪಾಯಿ ದಂಡವುಂಟು. ದಂಡದ ಭಯದಿಂದ ಮಾಡುವುದಕ್ಕಿಂತ ಧರ್ಮವೆಂದರಿತು ಮಾಡುವುದು ಶ್ರೇಷ್ಠವೆಂದು ಬೇರೆ ಹೇಳಬೇಕಿಲ್ಲ.

ಮಗು ಅಳುತ್ತದೆ ನಿಜ. ಅಜ್ಜಿಯ ಕರುಳು ಚುರುಕ್ಕೆನ್ನುತ್ತದೆ, ಬಿಚ್ಚಿ ತೊಡೆಗೆ ಕೊಡೆಂದು ಕೈಚಾಚುತ್ತಾಳೆ. ಆ ಅಳುವಿಗೆ ಕರಗಿ ಪಟ್ಟಿಯನ್ನು ಬಿಚ್ಚಬೇಡಿ. ತಾಳಲಾಗದಿದ್ದರೆ ಕಾರನ್ನು ರಸ್ತೆಯ ಬದಿಗೆ ಸುರಕ್ಷಿತವಾಗಿ ನಿಲ್ಲಿಸಿ ಸಂತೈಸಿ, ಮತ್ತೆ ಬಿಗಿದು ಹೊರಡಿ. ಆಸನವನ್ನು ಕೊಳ್ಳುವಾಗ ಮಗುವನ್ನೂ ಕಾರನ್ನೂ ಅಂಗಡಿಗೆ ಒಯ್ದು, ನಿಮ್ಮ ಕೈಯಿಂದಲೇ ಕೂರಿಸಿ ನೋಡಿ, ಹೊಂದಿದ ಮೇಲೆ ಹಣ ಕೊಡಿ. ಕಟಪಾಡಿಯವರೆಗೆ ಮಾತ್ರ ಹೋಗಿಬರುವ ದಿನವೂ ಮಗುವನ್ನು ಅದರಲ್ಲಿಯೇ ಕುಳ್ಳಿರಿಸಿರಿ.