ಪುಡಿಯ ಆಯುಸ್ಸು ಮತ್ತು ಅಹಿಂಸೆ

ಸಸ್ಯಾಹಾರದಿಂದ ಹಾಲು, ಮೊಸರು, ತುಪ್ಪ, ಜೇನುತುಪ್ಪವನ್ನೂ ತೆಗೆದರೆ ಉಳಿಯುವುದು ವೀಗನ್ ಊಟ. ಈ ಹೆಸರು ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಿನಲ್ಲಿ. ಹಾಲು ಬಿಟ್ಟಾಗ ಕಡಿಮೆಯಾಗುವ ಪೌಷ್ಟಿಕಾಂಶ ತುಂಬಿಕೊಳ್ಳಲು ಅಗಸೆ, ಎಳ್ಳು, ನುಗ್ಗೆಸೊಪ್ಪು, ರಾಗಿ ಇವುಗಳ ಪುಡಿಯನ್ನು ದಿನದ ಅಡುಗೆಗೆ ಬೆರೆಸುತ್ತಾರೆ. ಪುಡಿ ಸಸ್ಯದ್ದೇ ಎಂದು ಖಾತ್ರಿಯಾದರೆ ವೀಗನ್ ವಿಚಾರಕ್ಕೆ ಅಷ್ಟು ಸಾಕು. ಜೈನ ಆಚಾರಕ್ಕೆ ಸಾಲದು. ಬೀಸಿ ಎಷ್ಟು ದಿನವಾಯಿತು, ಯಾವ ಕಾಲದಲ್ಲಿ ಬೀಸಿದ್ದು, ಯಾವುದರ ಜೊತೆ ಕಲಸಿದ್ದು ಎಂಬುದೂ ಅಲ್ಲಿ ಅಹಿಂಸೆಯ ಪ್ರಶ್ನೆಯೇ. ಈ ಎರಡು ವಿಚಾರಗಳು ಎಲ್ಲಿ ಕೂಡುತ್ತವೆ, ಎಲ್ಲಿ ಕವಲೊಡೆಯುತ್ತವೆ ಎಂದು ನೋಡಲು ಹುಲಿಕಲ್ ಸುತ್ತಿನ ಮಲೆನಾಡು ತಕ್ಕ ಸೀಮೆ.

ಹುಲಿಕಲ್ ಇರುವ ಹೊಸನಗರ ತಾಲ್ಲೂಕಿನಲ್ಲಿ ಹೊಂಬುಜದ ಜೈನ ಮಠವೂ ಇದೆ, ರಾಮಚಂದ್ರಾಪುರ ಮಠವೂ ಇದೆ. ಹೊಂಬುಜ ಸಾಂತರ ಅರಸರ ರಾಜಧಾನಿಯಾಗಿದ್ದ ಊರು, ಪದ್ಮಾವತಿ ದೇವಿಯ ಕ್ಷೇತ್ರ. ರಾಮಚಂದ್ರಾಪುರ ಮಠ ದೇಸಿ ಗೋತಳಿಗಳನ್ನು ಉಳಿಸುವ ಕೆಲಸಕ್ಕೆ ಹೆಸರಾದದ್ದು. 2007ರಲ್ಲಿ ವಿಶ್ವ ಗೋಸಮ್ಮೇಳನ ನಡೆದದ್ದು ಅಲ್ಲಿಯೇ. ಕರು ಕುಡಿದು ಉಳಿದ ಹಾಲಿನಲ್ಲಿ ಹಿಂಸೆಯಿಲ್ಲ ಎಂಬುದು ಗೋವನ್ನು ಪೂಜಿಸುವವರ ನಿಲುವು. ಜೈನರೂ ಹಾಲನ್ನು ಸಾರಾಸಗಟಾಗಿ ನಿಷೇಧಿಸಲಿಲ್ಲ. ಕರೆದ ಹಾಲನ್ನು ಸೋಸಿ ಒಂದು ಮುಹೂರ್ತದೊಳಗೆ, ಅಂದರೆ 48 ನಿಮಿಷದೊಳಗೆ ಕಾಯಿಸಬೇಕೆಂದು ಕಟ್ಟುಪಾಡು ಮಾಡಿಕೊಂಡರು. ವೀಗನ್ನರ ತಕರಾರು ಹಾಲಿಗಾಗಿ ಪ್ರಾಣಿಯನ್ನು ಸಾಕುವ ಇಡೀ ಏರ್ಪಾಟಿನ ಮೇಲೆಯೇ ಇದೆ. ಗಂಡುಕರುವಿನ ಗತಿ ಏನು ಎಂದು ಅವರು ಕೇಳಿದರೆ ಗೋಪೂಜೆಯೊಂದೇ ಉತ್ತರವಾಗಲಾರದು.

ತೀರ್ಥಹಳ್ಳಿ ತಾಲ್ಲೂಕಿನ ಭೀಮನಕಟ್ಟೆಯಲ್ಲಿ ಮಠವಿರುವ ಮಾಧ್ವ ಪರಂಪರೆಯಲ್ಲೂ ಹಾಲು ಬಿಡುವುದುಂಟು. ಚಾತುರ್ಮಾಸ್ಯದ ಮೊದಲ ತಿಂಗಳು ತರಕಾರಿ, ಎರಡನೆಯ ತಿಂಗಳು ಮೊಸರು, ಮೂರನೆಯದರಲ್ಲಿ ಹಾಲು, ಕೊನೆಯದರಲ್ಲಿ ದ್ವಿದಳ ಧಾನ್ಯ ವರ್ಜ್ಯ. ಆದರೆ ಈ ಬಿಡುವಿಕೆ ವ್ರತಕ್ಕಾಗಿ, ನಾಲಗೆಯ ಹತೋಟಿಗಾಗಿ. ಹಸುವಿನ ಮಾತು ಅಲ್ಲಿ ಬರುವುದಿಲ್ಲ. ತಿಂಗಳು ಮುಗಿದ ಮೇಲೆ ಹಾಲು ಮತ್ತೆ ಎಲೆಗೆ ಬರುತ್ತದೆ.

ಪುಡಿಯ ವಿಷಯಕ್ಕೆ ಮಲೆನಾಡಿನ ಮೆಂತೆ ಹಿಟ್ಟನ್ನೇ ತೆಗೆದುಕೊಳ್ಳಬಹುದು. ಮೆಂತೆ, ಕಡಲೆಬೇಳೆ, ಉದ್ದಿನಬೇಳೆ, ಗೋಧಿ, ಅಕ್ಕಿಯನ್ನು ಬೇರೆಬೇರೆಯಾಗಿ ಹುರಿದು, ಅರಿಸಿನ ಸೇರಿಸಿ ನುಣ್ಣಗೆ ಬೀಸುತ್ತಾರೆ. ಅದನ್ನು ಮೊಸರಿಗೆ ಕದಡಿ, ಒಗ್ಗರಣೆ ಕೊಟ್ಟರೆ ಗೊಜ್ಜು ಸಿದ್ಧ. ಬೇಳೆಯ ಸಾರ, ಮೆಂತೆಯ ನಾರು ಎಲ್ಲವೂ ಇದರಲ್ಲಿವೆ; ಪೇಟೆಯ ಪೌಷ್ಟಿಕ ಪುಡಿಯ ಡಬ್ಬಿಗಳು ಕೊಡುವೆವೆನ್ನುವುದರಲ್ಲಿ ಬಹುಪಾಲು ಈ ಭರಣಿಯಲ್ಲಿ ಮೊದಲಿನಿಂದಲೂ ಇತ್ತು. ಆದರೆ ಜೈನ ಆಚಾರದಂತೆ ಇದು ದ್ವಿದಳ ದೋಷ: ಬೇಳೆಯಾಗಿ ಒಡೆಯುವ ಧಾನ್ಯ ಮೊಸರು ಮಜ್ಜಿಗೆಯೊಂದಿಗೆ ಕೂಡಿದಾಗ ಸೂಕ್ಷ್ಮಜೀವಗಳು ಹುಟ್ಟುತ್ತವೆ ಎಂಬ ನಂಬಿಕೆ. ಅದೇ ಹಿಟ್ಟನ್ನು ಹುಣಸೆ, ಬೆಲ್ಲದ ನೀರಿಗೋ ತೆಂಗಿನಹಾಲಿಗೋ ಕಲಸಿದರೆ ಜೈನರ ಆಕ್ಷೇಪವೂ ಇಲ್ಲ, ವೀಗನ್ನರದೂ ಇಲ್ಲ. ಕಾರಣ ಬೇರೆಬೇರೆ, ಬಟ್ಟಲು ಒಂದೇ.

ಹಿಟ್ಟಿನ ಅವಧಿಯ ನಿಯಮ ಇನ್ನೂ ಕಟ್ಟುನಿಟ್ಟು. ದಿಗಂಬರ ಸಂಪ್ರದಾಯದಲ್ಲಿ ಬೀಸಿದ ಹಿಟ್ಟು ಚಳಿಗಾಲದಲ್ಲಿ 7 ದಿನ, ಬೇಸಗೆಯಲ್ಲಿ 5 ದಿನ, ಮಳೆಗಾಲದಲ್ಲಿ 3 ದಿನ ಮಾತ್ರ ಊಟಕ್ಕೆ ಯೋಗ್ಯ. ಆಮೇಲೆ ಅದು ಜೀವಗಳ ನೆಲೆ. ಹುಲಿಕಲ್‌ನಲ್ಲಿ ಈ ಲೆಕ್ಕವನ್ನು ಬರಿಯ ಮಡಿಯೆಂದು ತಳ್ಳಿಹಾಕುವಂತಿಲ್ಲ. ಮಳೆಯಲ್ಲಿ ಆಗುಂಬೆಯನ್ನೂ ಮೀರಿಸಿದ ವರ್ಷಗಳಿರುವ ಊರದು. ಆಷಾಢದಲ್ಲಿ ಮುಚ್ಚಳ ಸಡಿಲವಾದ ಡಬ್ಬಿಯ ಹಿಟ್ಟು ತೇವ ಹೀರಿ ಗಂಟುಕಟ್ಟುತ್ತದೆ, ಮುಗ್ಗಲು ವಾಸನೆ ಬರುತ್ತದೆ, ಕೆಲವೇ ದಿನಗಳಲ್ಲಿ ಹುಳ ಕಾಣುತ್ತದೆ. ಅಗಸೆ ಪುಡಿಯಂತೂ ಎಣ್ಣೆಯಂಶದಿಂದ ಬೇಗ ಕಮಟಾಗುತ್ತದೆ. ಅಗಸೆಯನ್ನು ಬೀಸದೆ ಇಡಿಯಾಗಿ ತಿಂದರೆ ಜೀರ್ಣವಾಗದೆ ಹೊರಹೋಗುವುದೇ ಹೆಚ್ಚು, ಬೀಸಿಟ್ಟರೆ ಕೆಡುತ್ತದೆ. ಬೇಕಾದಷ್ಟನ್ನೇ ಆಗಾಗ ಬೀಸಿಕೊಳ್ಳುವುದೊಂದೇ ದಾರಿ. ಆಹಾರಶಾಸ್ತ್ರವೂ ಜೈನ ಗೃಹಸ್ಥರ ಶ್ರಾವಕಾಚಾರವೂ ಇಲ್ಲಿ ಒಂದೇ ಮಾತು ಹೇಳುತ್ತವೆ. ತಿಂಗಳುಗಟ್ಟಲೆಗೆಂದು ಕೊಂಡಿಡುವ ಡಬ್ಬಿ ಸಸ್ಯದ್ದೇ ಇರಬಹುದು, ಈ ಲೆಕ್ಕದಲ್ಲಿ ಮಾತ್ರ ನಿಲ್ಲುವುದಿಲ್ಲ.

ರಾಗಿಯಲ್ಲಿ ಮಾತು ಒಡೆಯುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಹಾಲು ಬಿಟ್ಟವರಿಗೆ ಇದು ದೊಡ್ಡ ಆಸರೆ. ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸಿದರೆ ಖನಿಜಾಂಶವನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಇಳಿದು, ಮೈಗೆ ಹತ್ತುವ ಪಾಲು ಹೆಚ್ಚುತ್ತದೆ. ಆದರೆ ಮೊಳಕೆಯೊಡೆದ ಧಾನ್ಯದಲ್ಲಿ ಲೆಕ್ಕವಿಲ್ಲದಷ್ಟು ಜೀವಗಳಿವೆ ಎಂದು ನಿಷ್ಠಾವಂತ ಜೈನರಲ್ಲಿ ಅನೇಕರು ಅದನ್ನು ಮುಟ್ಟುವುದಿಲ್ಲ. ವೀಗನ್ ವಿಚಾರಕ್ಕೆ ಇಲ್ಲಿ ಪ್ರಶ್ನೆಯೇ ಏಳುವುದಿಲ್ಲ, ಏಕೆಂದರೆ ಅದರ ಕಾಳಜಿ ನೋವು ಅನುಭವಿಸುವ ಪ್ರಾಣಿಯಲ್ಲಿ ನಿಂತಿದೆ. ಸಸ್ಯದಂಥ ಏಕೇಂದ್ರಿಯ ಜೀವವನ್ನೂ ಎಣಿಸುವ ಜೈನ ದರ್ಶನ ಗೃಹಸ್ಥನಿಗೆ ಅಣುವ್ರತದ ರಿಯಾಯಿತಿ ಕೊಟ್ಟಿದೆ: ಸಸ್ಯದ ಹಿಂಸೆ ಪೂರ್ತಿ ತಪ್ಪದು, ಕಡಿಮೆ ಮಾಡಬೇಕು. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಹಿಂಸೆಗೆ ಕೊಡುವ ಲಕ್ಷಣದಲ್ಲೂ ಪ್ರಾಣಹಾನಿಯ ಜೊತೆ ಪ್ರಮಾದ, ಅಂದರೆ ಎಚ್ಚರಗೇಡಿತನ, ಸೇರಿದೆ.

ಯಾವ ಪುಡಿಯೂ ತುಂಬಲಾರದ ಕೊರತೆ ಒಂದಿದೆ, ಬಿ-12. ವಯಸ್ಕರಿಗೆ ದಿನಕ್ಕೆ ಬೇಕಾದದ್ದು 2ರಿಂದ 2.5 ಮೈಕ್ರೋಗ್ರಾಂನಷ್ಟೇ, ಆದರೆ ಸಸ್ಯಗಳಲ್ಲಿ ಅದು ನಂಬಬಹುದಾದ ಪ್ರಮಾಣದಲ್ಲಿ ಸಿಗದು. ಸ್ಪಿರುಲಿನಾದಲ್ಲಿರುವುದರ ಬಹುಪಾಲು ಮೈಗೆ ಬಾರದ ರೂಪ. ಹಾಲು ಕುಡಿಯುವ ಜೈನರಿಗೂ ರಾಮಚಂದ್ರಾಪುರ ಮಠದ ಅನುಯಾಯಿಗಳಾದ ಹವ್ಯಕರಿಗೂ ಸ್ವಲ್ಪ ದಕ್ಕುತ್ತದೆ, ವೀಗನ್ನರು ಮಾತ್ರೆಯನ್ನೋ ಬಿ-12 ಬೆರೆಸಿದ ಆಹಾರವನ್ನೋ ನೆಚ್ಚಬೇಕು. ಆ ಬಿ-12 ಕಾರ್ಖಾನೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ತೆಗೆದದ್ದು. ಕ್ಯಾಪ್ಸೂಲ್ ಆದರೆ ಹೊರಕವಚ ಪ್ರಾಣಿಮೂಲದ ಜೆಲಾಟಿನ್ ಆಗಿರಬಹುದಾದ್ದರಿಂದ ಚೀಟಿ ಓದಿಯೇ ಕೊಳ್ಳಬೇಕಾಗುತ್ತದೆ.